ಮಳೆಗಾಲದಲ್ಲಿ ಕಳೆದುಹೋಗುವ ಒಂದು ಹೆಜ್ಜೆ: ಹಿರಿಯರು ಬೀಳದಂತೆ ಮನೆಯಲ್ಲೇ ಮಾಡುವ ವ್ಯಾಯಾಮ

ಮಳೆ ಬಿಟ್ಟ ಮೇಲೆ ನನಗೆ ಫೋನ್ ಜಾಸ್ತಿ ಬರುತ್ತದೆ. ಕಾವೇರಿ ಸಂಕ್ರಮಣದ ಹೊತ್ತಿಗೆ ಸ್ವಲ್ಪ ಬಿಸಿಲು ಕಾಣುತ್ತದೆ. ನಾಲ್ಕು ತಿಂಗಳು ಮನೆಯೊಳಗೇ ಕೂತಿದ್ದ ಅಜ್ಜ, ಅಜ್ಜಿ ತೋಟದಲ್ಲಿ ಒಂದು ಸುತ್ತು ಹಾಕಿ ಬರೋಣ ಎಂದು ಹೊರಡುತ್ತಾರೆ. ಅಂಗಳದ ಪಾಚಿ ಇನ್ನೂ ಒಣಗಿರುವುದಿಲ್ಲ. ಕಾಲು ಜಾರುತ್ತದೆ. ಮನೆಯವರು ಫೋನಿನಲ್ಲಿ ಹೇಳುವುದು ಒಂದೇ ಮಾತು: "ಪಾಚಿ ಮೇಲೆ ಜಾರಿ ಬಿದ್ರು."

ನಾನು ಫಿಸಿಯೋಥೆರಪಿಸ್ಟ್. ಕೊಡಗಿನ ಸೋಮವಾರಪೇಟೆ, ಮಾದಾಪುರ, ಮಡಿಕೇರಿ ಕಡೆಯ ಮನೆಗಳಿಗೆ ಹೋಗಿ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತೇನೆ. ಪಾಚಿ ಜಾರುವುದು ನಿಜ. ಆದರೆ ಅದೇ ಅಂಗಳದಲ್ಲಿ ಮೊಮ್ಮಗನೂ ಜಾರುತ್ತಾನೆ, ತಟ್ಟನೆ ಒಂದು ಹೆಜ್ಜೆ ಪಕ್ಕಕ್ಕಿಟ್ಟು ನಿಂತುಬಿಡುತ್ತಾನೆ. ಅಜ್ಜಿಗೆ ಆ ಒಂದು ಹೆಜ್ಜೆ ಸಿಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಪಕ್ಕ, ಟಿವಿ ಮುಂದೆ ಕೂತು ಕೂತು ಅದು ಕಳೆದುಹೋಗಿತ್ತು. ಆ ಹೆಜ್ಜೆಯನ್ನು ವಾಪಸ್ ತರಿಸುವ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಮಳೆಗಾಲದಲ್ಲೇ, ಮನೆಯೊಳಗೇ, ಅಡುಗೆಮನೆ ಕಟ್ಟೆ ಹಿಡಿದುಕೊಂಡೇ ಮಾಡಬಹುದಾದ ಕೆಲಸ ಇದು.

ವ್ಯಾಯಾಮದಿಂದ ನಿಜವಾಗಿ ಏನಾದರೂ ಆಗುತ್ತದಾ?

ಆಗುತ್ತದೆ. 65 ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಪ್ರಪಂಚದಲ್ಲಿ ಪ್ರತಿವರ್ಷ ಅಂದಾಜು 6,84,000 ಜನ ಬಿದ್ದು ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಹಾಗೆಂದು "ವಯಸ್ಸಾಯ್ತು, ಇನ್ನೇನು" ಎಂದು ಕೈಚೆಲ್ಲಬೇಕಾಗಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕೊಕ್ರೇನ್ ಸಂಸ್ಥೆಯ 2019ರ ವರದಿಯಲ್ಲಿ, ವ್ಯಾಯಾಮ ಮಾಡಿದ ಹಿರಿಯರು ಬೀಳುವುದು 23 ಶೇಕಡಾ ಕಡಿಮೆಯಾಗಿತ್ತು. 1990ರ ದಶಕದಲ್ಲಿ ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಕ್ರಮ ರೂಪಿಸಿದರು. ಕಾಲಿನ ಬಲ, ಸಮತೋಲನ, ಜೊತೆಗೆ ನಡಿಗೆ, ಇಷ್ಟೇ. ಅದರಲ್ಲಿ ಬೀಳುವುದು ಸುಮಾರು 35 ಶೇಕಡಾ ತಗ್ಗಿತು. ನಾನು ಮಾಡಿಸುವುದರಲ್ಲಿ ಹೆಚ್ಚಿನದು ಆ ದಾರಿಯದೇ.

"ದಿನಾ ವಾಕಿಂಗ್ ಹೋಗ್ತೇನಲ್ಲ, ಸಾಕಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಬೀಳದಂತೆ ತಡೆಯಲು ಅದೊಂದೇ ಸಾಕಾಗುವುದಿಲ್ಲ. ಟಾರು ರಸ್ತೆಯಲ್ಲಿ ನೆಟ್ಟಗೆ ಮುಂದಕ್ಕೆ ನಡೆಯುವಾಗ ಮೈ ಪಕ್ಕಕ್ಕೆ ವಾಲುವುದಿಲ್ಲ, ಒಂಟಿ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗುವುದಿಲ್ಲ, ಹಿಂದಕ್ಕೆ ಹೆಜ್ಜೆ ಇಡಬೇಕಾಗುವುದಿಲ್ಲ. ಬೀಳುವುದು ಇಂಥ ಗಳಿಗೆಗಳಲ್ಲೇ. ಸಮತೋಲನ ಕಲಿಯಬೇಕಾದರೆ ಮೈ ಸ್ವಲ್ಪ ಓಲಾಡಬೇಕು, ಅದನ್ನು ನೀವೇ ಸರಿಪಡಿಸಿಕೊಳ್ಳಬೇಕು. ಓಲಾಡದೇ ಇದ್ದರೆ ಆ ವ್ಯಾಯಾಮ ನಿಮಗೆ ಸುಲಭವಾಯಿತು ಎಂದರ್ಥ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊದಲು ಡಾಕ್ಟರ್ ಬಳಿ ಹೋಗಬೇಕಾದವರು

ಕಳೆದ ಒಂದು ವರ್ಷದಲ್ಲಿ ಎರಡು ಸಲ ಬಿದ್ದವರು, ಬಿದ್ದಾಗ ಪ್ರಜ್ಞೆ ತಪ್ಪಿದವರು, ಎದೆನೋವು ಇರುವವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕಾಣಿ. ಸ್ಟ್ರೋಕ್ ಆದವರು, ಪಾರ್ಕಿನ್ಸನ್ ಇರುವವರು ಈ ಬರಹ ಓದಿ ತಾವೇ ಶುರು ಮಾಡುವುದು ಬೇಡ. ಅವರಿಗೆ ಎದುರಿಗೆ ನಿಂತು ಕಲಿಸುವವರು ಬೇಕು.

ಹಾಸಿಗೆಯಿಂದ ಎದ್ದ ತಕ್ಷಣ ಕಣ್ಣು ಕತ್ತಲಿಟ್ಟರೆ ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದಕ್ಕೆ ಔಷಧಿ ಬದಲಿಸಬೇಕಾಗಬಹುದು. ನಿದ್ದೆ ಮಾತ್ರೆ ತೆಗೆದುಕೊಳ್ಳುವವರೂ ಅದನ್ನು ಡಾಕ್ಟರ್‌ಗೆ ಹೇಳಬೇಕು. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬೀಳುವುದಕ್ಕೆ ಅದೂ ಒಂದು ಕಾರಣ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲಿಗೆ ಸ್ಪರ್ಶ ತಿಳಿಯುತ್ತದಾ ಎಂದು ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ ಇದ್ದರೆ ಮುಂದೂಡಬೇಡಿ.

ನಿಮ್ಮ ಕಾಲು ಈಗ ಎಲ್ಲಿದೆ: ಮೂರು ಪರೀಕ್ಷೆ

ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾಡಿ. ಒಂದು ಗಡಿಯಾರ, ಒಂದು ಗಟ್ಟಿ ಕುರ್ಚಿ ಸಾಕು.

ಮೊದಲನೆಯದು ಕುರ್ಚಿ ಪರೀಕ್ಷೆ. ಕೈಗಳನ್ನು ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 70ರಿಂದ 74ರ ಹೆಂಗಸರಿಗೆ 10, ಗಂಡಸರಿಗೆ 12 ಆಗಬೇಕು. 80ರಿಂದ 84ರ ಹೆಂಗಸರಿಗೆ 9, ಗಂಡಸರಿಗೆ 10. ಅದಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಕೈ ಊರದೆ ಏಳಲು ಆಗುವುದೇ ಇಲ್ಲ ಎಂದರೆ ಸೊನ್ನೆ ಎಂದು ಬರೆದುಕೊಳ್ಳಿ. ಸೊನ್ನೆಯಿಂದ ಶುರು ಮಾಡಿದವರನ್ನು ನಾನು ತುಂಬಾ ನೋಡಿದ್ದೇನೆ.

ಎರಡನೆಯದು ನಡಿಗೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಒಂದು ಗೆರೆ ಹಾಕಿ. ಎದ್ದು, ಯಾವಾಗಲೂ ನಡೆಯುವ ವೇಗದಲ್ಲೇ ಗೆರೆವರೆಗೆ ಹೋಗಿ, ತಿರುಗಿ, ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ.

ಮೂರನೆಯದು ನಿಲ್ಲುವುದು. ಕಟ್ಟೆ ಪಕ್ಕದಲ್ಲಿ ನಿಂತು, ಕೈ ಬಿಟ್ಟು, ಒಂದೊಂದು ಭಂಗಿಯಲ್ಲೂ 10 ಸೆಕೆಂಡು ನಿಲ್ಲಲು ನೋಡಿ. ಮೊದಲು ಎರಡು ಪಾದ ಜೋಡಿಸಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ, ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿ ಕಾಲಲ್ಲಿ. ಮೂರನೆಯ ಭಂಗಿಯಲ್ಲಿ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಸಾಧ್ಯತೆ ಹೆಚ್ಚು.

ಮೂರರ ಅಂಕಿಯನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಜಾಗ, ಕುರ್ಚಿ, ಕಾಲಿಗೆ ಏನು

ಅಡುಗೆಮನೆ ಕಟ್ಟೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲುಗಾಡುವುದಿಲ್ಲ, ಎತ್ತರ ಸರಿಯಾಗಿರುತ್ತದೆ. ಎರಡು ಕಟ್ಟೆ ಸೇರುವ ಮೂಲೆ ಸಿಕ್ಕರೆ ಇನ್ನೂ ಒಳ್ಳೆಯದು, ಎರಡು ಕಡೆಯೂ ಆಸರೆ ಇರುತ್ತದೆ. ಬಾಗಿಲ ಹಿಡಿ, ಟವೆಲ್ ಕಂಬಿ, ಮೊಮ್ಮಗಳ ತೋಳು ಇವು ಆಸರೆಯಲ್ಲ.

ಕುರ್ಚಿಗೆ ಕೈ ಇರಲಿ, ಚಕ್ರ ಬೇಡ. ಪ್ಲಾಸ್ಟಿಕ್ ಕುರ್ಚಿಯಾದರೆ ಹಿಂಭಾಗವನ್ನು ಗೋಡೆಗೆ ತಾಗಿಸಿ ಇಡಿ, ಇಲ್ಲದಿದ್ದರೆ ಏಳುವಾಗ ಹಿಂದಕ್ಕೆ ಸರಿಯುತ್ತದೆ. ಹಳೇ ತೋಟದ ಮನೆಗಳಲ್ಲಿ ಜಗಲಿ ಮೇಲೆ ಉದ್ದ ಕೈಯ ಈಸಿ ಚೇರ್ ಇರುತ್ತದಲ್ಲ, ಅದು ಕೂರಲು ಸುಖ, ವ್ಯಾಯಾಮಕ್ಕೆ ಬೇಡ. ಅದರಿಂದ ಏಳುವುದು 40ರವರಿಗೂ ಕಷ್ಟ.

ಕಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಚಳಿ, ತೇವ. ಅದಕ್ಕೆ ಹಿರಿಯರು ಮನೆಯೊಳಗೆ ಉಣ್ಣೆ ಸಾಕ್ಸ್ ಹಾಕಿಕೊಂಡೇ ಓಡಾಡುತ್ತಾರೆ. ಕೆಳಗಿರುವುದು ಒರೆಸಿ ಒರೆಸಿ ಕನ್ನಡಿಯಂತಾದ ರೆಡ್ ಆಕ್ಸೈಡ್ ನೆಲ. ಬರೀ ಸಾಕ್ಸ್‌ನಲ್ಲಿ ಆ ನೆಲದ ಮೇಲೆ ನಡೆಯುವುದು ಪಾಚಿ ಮೇಲೆ ನಡೆದಂತೆಯೇ. ಹಿಮ್ಮಡಿ ಮುಚ್ಚುವ, ಅಡಿ ಜಾರದ, ಹಗುರವಾದ ಶೂ ಒಂದನ್ನು ಮನೆಯೊಳಗೆ ಹಾಕಲೆಂದೇ ಇಟ್ಟುಕೊಳ್ಳಿ. ಹವಾಯಿ ಚಪ್ಪಲಿ ಬೇಡ. ಸೀರೆಯೋ ನೈಟಿಯೋ ಪಂಚೆಯೋ, ಪಾದ ಕಾಣುವಷ್ಟು ಮೇಲಿರಲಿ.

ಹಂತ 1: ಮೈ ಬಿಸಿ ಮಾಡಿಕೊಳ್ಳುವುದು (5 ನಿಮಿಷ)

ಕಟ್ಟೆ ಹಿಡಿದು ನಿಂತಲ್ಲೇ ಹೆಜ್ಜೆ ಹಾಕಿ, ಎರಡು ನಿಮಿಷ. ಕೂತು ಪಾದಗಳನ್ನು ಗುಂಡಗೆ ತಿರುಗಿಸಿ, ಎರಡೂ ಕಡೆ ಹತ್ತತ್ತು ಸಲ. ಕತ್ತನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ. ತಲೆ ಸುತ್ತಿದರೆ ಕತ್ತಿನದು ಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಡಿ, ಕೀಲು ಬಿಗಿದಿರುತ್ತದೆ. ತಿಂಡಿ ಕಾಫಿ ಆಗಿ ಒಂದು ಗಂಟೆ ಕಳೆದ ಮೇಲೆ ಒಳ್ಳೆಯದು.

ಹಂತ 2: ಕುರ್ಚಿಯಿಂದ ಏಳುವುದು

ಒಂದೇ ಒಂದು ವ್ಯಾಯಾಮ ಮಾಡುತ್ತೇನೆ ಎಂದು ಯಾರಾದರೂ ಹಟ ಹಿಡಿದರೆ ನಾನು ಇದನ್ನೇ ಹೇಳಿಕೊಡುತ್ತೇನೆ. ಕಮೋಡ್‌ನಿಂದ ಏಳುವುದು, ಬಸ್ ಸೀಟಿನಿಂದ ಏಳುವುದು, ಹಾಸಿಗೆಯಿಂದ ಏಳುವುದು ಎಲ್ಲವೂ ಇದೇ.

ಮಾದಾಪುರದ ಕಡೆಯ ಒಂದು ಮನೆಯಲ್ಲಿ 78ರ ಅಜ್ಜಿಯೊಬ್ಬರಿದ್ದಾರೆ. ಮೊದಲ ದಿನ ಅವರು ಏಳುವುದನ್ನು ಸುಮ್ನೆ ನೋಡಿದೆ. ಬೆನ್ನು ಕುರ್ಚಿಗೆ ಒರಗಿತ್ತು, ಪಾದ ಮುಂದಕ್ಕೆ ಚಾಚಿತ್ತು. ಎರಡು ಕೈಯಲ್ಲೂ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದರು, ಬೆರಳ ಗಂಟುಗಳು ಬೆಳ್ಳಗಾದವು. ಒಂದು, ಎರಡು ಸಲ ಹಿಂದೆ ಮುಂದೆ ತೂಗಿಕೊಂಡು ಮೂರನೇ ಸಲ ಮೈಯನ್ನು ಮೇಲಕ್ಕೆ ಎಳೆದುಕೊಂಡರು. ಅರ್ಧಕ್ಕೆ ಬಂದು ದೊಪ್ಪನೆ ವಾಪಸ್ ಕೂತರು. ಅಷ್ಟರಲ್ಲಿ ಸೊಸೆ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ದಿನಕ್ಕೆ ಹತ್ತು ಸಲ ಹೀಗೇ ನಡೆಯುತ್ತಿತ್ತಂತೆ. ಸೊಸೆಯ ಪ್ರೀತಿಯಲ್ಲಿ ಕೊರತೆ ಏನೂ ಇರಲಿಲ್ಲ. ಅಜ್ಜಿಯ ತೊಡೆಗೆ ಮಾತ್ರ ದಿನಕ್ಕೆ ಹತ್ತು ಸಲ ಸಿಗಬೇಕಾದ ಕೆಲಸ ತಪ್ಪಿಹೋಗುತ್ತಿತ್ತು.

ಅವರಿಗೆ ಹೇಳಿಕೊಟ್ಟದ್ದು ಇಷ್ಟು. ಕುರ್ಚಿಯ ಅಂಚಿಗೆ ಜರುಗಿ ಕೂರಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಎರಡರ ನಡುವೆ ಒಂದು ಗೇಣು ಜಾಗ ಇರಲಿ. ಈಗ ಮುಂದಕ್ಕೆ ಬಗ್ಗಿ, ಮೂಗು ಕಾಲಿನ ಬೆರಳುಗಳ ನೇರಕ್ಕೆ ಬರುವಷ್ಟು. ಭಾರ ಪಾದದ ಮೇಲೆ ಬಂದದ್ದು ಗೊತ್ತಾದಾಗ ನೆಲವನ್ನು ಒತ್ತಿ ಏಳಿ. ನೆಟ್ಟಗೆ ನಿಂತು ಒಂದು ಉಸಿರು. ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಈ ಇಳಿಯುವುದರಲ್ಲೇ ಬಲ ಬರುತ್ತದೆ, ಅದಕ್ಕೇ ದೊಪ್ಪನೆ ಕೂರಬೇಡಿ.

ಏಳಲು ಆಗದಿದ್ದರೆ ಕುರ್ಚಿ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎರಡು ಕೈ ಊರಿ ಶುರು ಮಾಡಿ. ಹತ್ತು ಸಲ ಸುಲಭವಾದಾಗ ಒಂದು ಕೈ, ಆಮೇಲೆ ಕೈ ಬಿಟ್ಟು, ಆಮೇಲೆ ದಿಂಬು ತೆಗೆದು. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಹೋಗಿ. ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಆ ಅಜ್ಜಿಗೆ ದಿಂಬು ತೆಗೆಯಲು ಐದು ವಾರ ಹಿಡಿಯಿತು. ಈಗ ಅವರು ಎದ್ದು ನಿಂತ ಮೇಲೇ ಸೊಸೆಯನ್ನು ಕರೆಯುತ್ತಾರೆ.

ಹಂತ 3: ಕಾಲಿಗೆ ಬಲ ಕೊಡುವ ಉಳಿದವು

ಇವನ್ನು ವಾರಕ್ಕೆ ಮೂರು ದಿನ ಮಾಡಿ, ನಡುವೆ ಒಂದೊಂದು ದಿನ ಬಿಡುವು. ಒಂದೊಂದನ್ನೂ 8ರಿಂದ 10 ಸಲ, ಸಾಧ್ಯವಾದರೆ ಎರಡು ಸುತ್ತು.

ಮಂಡಿ ನೀಡುವುದು: ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮಾಡಿ, ಮೂರು ಎಣಿಸಿ, ನಿಧಾನಕ್ಕೆ ಇಳಿಸಿ.

ಕಾಲನ್ನು ಪಕ್ಕಕ್ಕೆ ಎತ್ತುವುದು: ಕಟ್ಟೆ ಹಿಡಿದು ನಿಂತು, ಬೆರಳು ಮುಂದಕ್ಕೇ ನೋಡುವಂತೆ ಇಟ್ಟು, ಕಾಲನ್ನು ಹೊರಕ್ಕೆ ಎತ್ತಿ. ಮೈ ಇನ್ನೊಂದು ಕಡೆಗೆ ವಾಲಬಾರದು. ಸೊಂಟದ ಪಕ್ಕದ ಈ ಸ್ನಾಯುವೇ ಜಾರಿದಾಗ ಆ ಪಕ್ಕದ ಹೆಜ್ಜೆ ಹಾಕಿಸುವುದು. ಇದನ್ನು ತಪ್ಪಿಸಬೇಡಿ.

ಮಂಡಿ ಹಿಂದಕ್ಕೆ ಮಡಚುವುದು: ಕಟ್ಟೆ ಹಿಡಿದು, ಹಿಮ್ಮಡಿಯನ್ನು ಹಿಂದಿನಿಂದ ಮೇಲಕ್ಕೆ ತನ್ನಿ.

ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು: ತುದಿಗಾಲಲ್ಲಿ ನಿಂತು ಇಳಿಯಿರಿ. ಆಮೇಲೆ ಹಿಮ್ಮಡಿ ಊರಿ ಬೆರಳುಗಳನ್ನು ನೆಲದಿಂದ ಎತ್ತಿ. ಎರಡನೆಯದು ಸಣ್ಣದಾಗಿ ಕಾಣುತ್ತದೆ. ಹೊಸ್ತಿಲಿಗೆ, ಚಾಪೆ ಅಂಚಿಗೆ, ಕಾಫಿ ಗಿಡದ ಬೇರಿಗೆ ಕಾಲ್ಬೆರಳು ಸಿಕ್ಕಿ ಬೀಳುವವರಿಗೆ ಬೇಕಾದದ್ದು ಇದೇ.

ಅರ್ಧ ಕೂರುವುದು: ಕಟ್ಟೆ ಹಿಡಿದು, ಹಿಂದೆ ಮಣೆ ಇದೆ ಎಂದುಕೊಂಡು ಸ್ವಲ್ಪ ಮಾತ್ರ ಮಂಡಿ ಬಗ್ಗಿಸಿ. ಮಂಡಿನೋವು ಇದ್ದರೆ ನೋವು ಶುರುವಾಗುವುದಕ್ಕೆ ಮೊದಲೇ ನಿಲ್ಲಿಸಿ.

ಹತ್ತು ಸಲ ಆರಾಮವಾಗಿ ಆದಾಗ ಭಾರ ಸೇರಿಸಬೇಕು. ಹಳೇ ಬಟ್ಟೆಯಲ್ಲಿ ಉದ್ದ ಚೀಲ ಹೊಲಿದು, ಅರ್ಧ ಕಿಲೋ ಅಕ್ಕಿಯೋ ಮರಳೋ ತುಂಬಿ, ಕಣಕಾಲಿಗೆ ಕಟ್ಟಿಕೊಳ್ಳಿ. ಅದೂ ಸುಲಭವಾದರೆ ಒಂದು ಕಿಲೋ. ಎಂಟು ಹತ್ತು ಸಲಕ್ಕೆ ಸ್ನಾಯು ದಣಿಯಬೇಕು, ಅಷ್ಟು ಭಾರ ಸರಿ. ಭಾರ ಕಟ್ಟಿಕೊಂಡು ಓಡಾಡಬೇಡಿ. ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲೇ ನೋಯುತ್ತಿದ್ದರೆ, ಊದಿದರೆ, ಭಾರ ಕಡಿಮೆ ಮಾಡಿ.

ಹಂತ 4: ಸಮತೋಲನ

ಇಲ್ಲಿ ಅವಸರ ಬೇಡ, ಹೆದರಿಕೆಯೂ ಬೇಡ. ಕಟ್ಟೆ ಯಾವಾಗಲೂ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು ಮಾತ್ರ ತಾಗಿಸಿ, ಕೊನೆಗೆ ಕೈಯನ್ನು ಕಟ್ಟೆಯ ಮೇಲೆ ಒಂದಿಂಚು ಎತ್ತರಕ್ಕೆ ತೇಲಿಸಿ. ಪ್ರತಿಯೊಂದನ್ನೂ ಈ ನಾಲ್ಕು ಮೆಟ್ಟಿಲಿನಲ್ಲೇ ಹತ್ತಬೇಕು.

"ಕಟ್ಟೆ ಬಿಟ್ಟರೆ ಬಿದ್ದೇ ಹೋಗ್ತೇನೆ ಮಗಾ" ಎಂದರು ಅದೇ ಅಜ್ಜಿ. "ಬಿಡಬೇಡಿ ಅಜ್ಜಿ, ಕಿರುಬೆರಳು ಮಾತ್ರ ಎತ್ತಿ" ಎಂದೆ. ಕಿರುಬೆರಳು ಎತ್ತಿದರು. ಮರುವಾರ ಉಂಗುರದ ಬೆರಳು. ಅವರ ಪಾದ ನೋಡುತ್ತಿದ್ದೆ. ಬೆರಳುಗಳು ನೆಲವನ್ನು ಕಚ್ಚಿ ಹಿಡಿದಂತೆ ಮಡಚಿಕೊಂಡಿದ್ದವು, ಕಣಕಾಲು ಎಡಕ್ಕೆ ಬಲಕ್ಕೆ ಸಣ್ಣಗೆ ನಡುಗುತ್ತಿತ್ತು. ಆ ನಡುಕ ನೋಡಿ ಮನೆಯವರು ಗಾಬರಿಯಾದರು. ಪಾದ ತಾನೇ ಮೈಯನ್ನು ಸರಿಮಾಡಿಕೊಳ್ಳಲು ಕಲಿಯುವುದು ಹೀಗೆಯೇ. ಬೆರಳು ಮಡಚದೆ ಅಂಗಾಲು ಪೂರ್ತಿ ಊರಿ ನಿಲ್ಲಲು ಮಾತ್ರ ಹೇಳಿದೆ.

ಮೊದಲ ಎರಡು ವಾರ: ಪಾದ ಜೋಡಿಸಿ ನಿಲ್ಲುವುದು, ಒಂದು ಪಾದ ಅರ್ಧ ಮುಂದಿಟ್ಟು ನಿಲ್ಲುವುದು, 10 ಸೆಕೆಂಡು, ಐದೈದು ಸಲ. ಜೊತೆಗೆ ಕಟ್ಟೆ ಉದ್ದಕ್ಕೂ ಪಕ್ಕಕ್ಕೆ ಹತ್ತು ಹೆಜ್ಜೆ ಆ ಕಡೆ, ಹತ್ತು ಈ ಕಡೆ.

ಮೂರು, ನಾಲ್ಕನೇ ವಾರ: ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಪಾದ ಇಟ್ಟು ನಿಲ್ಲುವುದು. ಒಂಟಿ ಕಾಲಲ್ಲಿ ನಿಲ್ಲುವುದು, 10 ಸೆಕೆಂಡು ಗುರಿ. ಕಟ್ಟೆ ಹಿಡಿದು ಹಿಂದಕ್ಕೆ ಹತ್ತು ಹೆಜ್ಜೆ.

ಐದನೇ ವಾರದಿಂದ: ಹಿಮ್ಮಡಿಗೆ ಬೆರಳು ತಾಗಿಸುತ್ತಾ ಗೆರೆ ಮೇಲೆ ನಡೆಯುವುದು. ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ನಡೆಯುವುದು. ನೆಲದಲ್ಲಿ ಎರಡು ಚೆಂಬು ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗುವುದು. ತುಂಬಾ ಜನ ಬೀಳುವುದು ತಿರುಗುವಾಗ, ಅದಕ್ಕೇ ಈ ಎಂಟು. ಪಾದ ಎತ್ತಿ ಎತ್ತಿ ಸಣ್ಣ ಹೆಜ್ಜೆಯಲ್ಲಿ ತಿರುಗಿ, ಮಂಡಿಯನ್ನು ತಿರುಚಬೇಡಿ.

ಇದೆಲ್ಲ ಆದ ಮೇಲೆ ಮಾತು ಸೇರಿಸಿ. ನಡೆಯುತ್ತಾ 50ರಿಂದ ಹಿಂದಕ್ಕೆ ಎಣಿಸುವುದು, ನೆಂಟರ ಮನೆಗಳ ಹೆಸರು ಒಂದೊಂದಾಗಿ ಹೇಳುವುದು. ಮಾತಾಡಲು ನಿಂತುಬಿಡುವವರಿಗೆ ಇದು ಮುಖ್ಯ. ಕಣ್ಣು ಮುಚ್ಚಿ ನಿಲ್ಲುವುದನ್ನು ಒಬ್ಬರೇ ಇರುವಾಗ ಮಾಡಲೇಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು, ಅದು ನನಗೆ ತುಂಬಾ ಇಷ್ಟ. ನಮ್ಮ ಕಡೆ ಮದುವೆಯಲ್ಲಿ ವಾಲಗ ಶುರುವಾದರೆ ಕೋಲು ಹಿಡಿದು ಬಂದ ಅಜ್ಜನೂ ಎದ್ದು ನಿಲ್ಲುತ್ತಾರೆ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಕೈ ಮೇಲೇಳುತ್ತದೆ, ಮೈ ತಿರುಗುತ್ತದೆ. ಸಮತೋಲನಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ. ಎಣಿಸಿ ಎಣಿಸಿ ಬೇಜಾರಾದವರಿಗೆ ನಾನು ಫೋನಿನಲ್ಲಿ ವಾಲಗ ಹಾಕಿ ಕಟ್ಟೆ ಮುಂದೆ ಹತ್ತು ನಿಮಿಷ ಕುಣಿಸುತ್ತೇನೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕೋಲಾಟ ಆಡಿ ಬೆಳೆದವರ ಕಾಲಿಗೆ ಆ ಹೆಜ್ಜೆ ಇನ್ನೂ ನೆನಪಿರುತ್ತದೆ.

ಹಂತ 5: ಮೆಟ್ಟಿಲು ಮತ್ತು ನಡಿಗೆ

ನಮ್ಮಲ್ಲಿ ಸಮತಟ್ಟಾದ ಜಾಗವೇ ಕಡಿಮೆ. ರಸ್ತೆಯಿಂದ ಮನೆಗೆ ಇಳಿಯಬೇಕು, ಮನೆಯಿಂದ ಕಣಕ್ಕೆ ಹತ್ತಬೇಕು. ಹಾಗಾಗಿ ಮೆಟ್ಟಿಲನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು. ಗಟ್ಟಿ ಕಂಬಿ ಇರುವ ಕಡೆ, ಒಂದೇ ಮೆಟ್ಟಿಲು, ಹತ್ತಿ ಇಳಿಯುವುದು ಹತ್ತು ಸಲ. ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಇಳಿಯುವಾಗ ಮೆಟ್ಟಿಲಿನ ಅಂಚು ಮಸುಕಾಗುತ್ತದೆ, ಕತ್ತು ಬಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡಿ.

ನಡಿಗೆ ವಾರಕ್ಕೆ ಎರಡು ದಿನವಾದರೂ ಇರಲಿ. ಹತ್ತು ನಿಮಿಷದಿಂದ ಶುರು ಮಾಡಿ 30 ನಿಮಿಷದವರೆಗೆ ಹೋಗಬಹುದು. ಮಳೆ ಹಿಡಿದ ದಿನ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ. ಕೋಲು ಬಳಸುವವರು ಅದನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಶೂ ಹಾಕಿ ನೇರ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಹತ್ತಿರ ಬರಬೇಕು. ತುದಿಯ ರಬ್ಬರ್ ಸವೆದಿದ್ದರೆ ಇವತ್ತೇ ಬದಲಿಸಿ. ತೋಟದಲ್ಲಿ ಕಡಿದ ಕೋಲಿಗೆ ರಬ್ಬರ್ ಇರುವುದಿಲ್ಲ, ಒದ್ದೆ ಸಿಮೆಂಟಿನ ಮೇಲೆ ಅದು ನಿಮಗಿಂತ ಮೊದಲು ಜಾರುತ್ತದೆ.

ವಾರದ ಲೆಕ್ಕ

ಸೋಮ, ಬುಧ, ಶುಕ್ರ ಬಲ ಮತ್ತು ಸಮತೋಲನ, ಒಟ್ಟು 40 ನಿಮಿಷ. ಉಳಿದ ದಿನ ಸಮತೋಲನ 15 ನಿಮಿಷ, ಎರಡು ದಿನ ನಡಿಗೆ. ಎಲ್ಲ ಸೇರಿ ವಾರಕ್ಕೆ ಮೂರು ಗಂಟೆ ಆದರೆ ಫಲ ಜಾಸ್ತಿ. ಒಂದೇ ಸಲ ಆಗದಿದ್ದರೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಎರಡು ತಿಂಗಳಿಗೊಮ್ಮೆ ಆ ಮೂರು ಪರೀಕ್ಷೆ ಮತ್ತೆ ಮಾಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಜ್ವರ ಬಂದು ವಾರ ಮಲಗಿದರೆ ಅರ್ಧದಿಂದ ಮತ್ತೆ ಶುರು ಮಾಡಿ. ನಿಲ್ಲಿಸಿಬಿಟ್ಟರೆ ಬಂದ ಬಲ ಇಳಿದುಹೋಗುತ್ತದೆ. ಇದು ಹಲ್ಲುಜ್ಜಿದ ಹಾಗೆ, ಮುಗಿಯಿತು ಎಂಬುದಿಲ್ಲ.

ಎದೆ ಬಿಗಿದರೆ, ತಲೆ ಸುತ್ತಿದರೆ, ಮಾತಾಡಲೂ ಆಗದಷ್ಟು ಏದುಸಿರು ಬಂದರೆ ಆ ಕ್ಷಣ ನಿಲ್ಲಿಸಿ ಕೂರಿ. ಕೂತು ಸ್ವಲ್ಪ ಹೊತ್ತಾದರೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದು, ತೋಟದಲ್ಲಿ ಇಬ್ಬರೇ ಹಿರಿಯರು ಇರುವ ಮನೆ ನಮ್ಮಲ್ಲಿ ತುಂಬಾ. ದೂರದಲ್ಲಿರುವ ಮಕ್ಕಳಿಗೆ ನನ್ನದೊಂದು ಬೇಡಿಕೆ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎಂದು ಕೇಳುತ್ತೀರಲ್ಲ, ಅದರ ಜೊತೆ ವಾರಕ್ಕೆ ಮೂರು ದಿನ ವಿಡಿಯೋ ಕರೆ ಮಾಡಿ ನೀವೂ ಕಟ್ಟೆ ಹಿಡಿದು ಜೊತೆಗೆ ಮಾಡಿ. ಅಪ್ಪ ಅಮ್ಮ ಒಬ್ಬರೇ ಆದರೆ ಬಿಟ್ಟುಬಿಡುತ್ತಾರೆ. ನಿಮ್ಮ ಜೊತೆ ಅಂದರೆ ಬಿಡುವುದಿಲ್ಲ.

ಮನೆಯಲ್ಲಿ ಮಾಡಿಕೊಳ್ಳಬೇಕಾದದ್ದು

ಬಚ್ಚಲಲ್ಲಿ ಗೋಡೆಗೆ ಗಟ್ಟಿ ಹಿಡಿ, ಕೂತು ಸ್ನಾನ ಮಾಡಲು ಸ್ಟೂಲು. ಹಂಡೆಯಿಂದ ಬಿಸಿನೀರು ಹೊತ್ತು ತರುವ ಕೆಲಸ ಹಿರಿಯರಿಗೆ ಬೇಡ. ಹಳೇ ಮನೆಗಳಲ್ಲಿ ಬಚ್ಚಲು ಒಂದು ಮೆಟ್ಟಿಲು ಕೆಳಗಿರುತ್ತದೆ, ಆ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ದಿನದ ಮಾತು, ಟಾರ್ಚ್ ದಿಂಬಿನ ಪಕ್ಕದಲ್ಲೇ ಇರಲಿ. ಅಂಗಳದಲ್ಲಿ ಓಡಾಡುವಷ್ಟು ಅಗಲದ ದಾರಿಯನ್ನಾದರೂ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿ. ಒಂದು ಸಲ ಉಜ್ಜಿದರೆ ಸಾಲದು, ಪಾಚಿ ಮತ್ತೆ ಬರುತ್ತದೆ. ಕಾಲಿಗೆ ಅಡ್ಡ ಬರುವ ನಾಯಿ ಬೆಕ್ಕುಗಳಿಗೆ ಊಟ ಹಾಕುವ ಜಾಗ ಬಾಗಿಲಿನಿಂದ ದೂರ ಇರಲಿ.

ಬಿದ್ದೇ ಬಿಟ್ಟರೆ

ಎಷ್ಟೇ ಮಾಡಿದರೂ ಒಮ್ಮೊಮ್ಮೆ ಬೀಳಬಹುದು. ತಕ್ಷಣ ಏಳಬೇಡಿ, ಎಬ್ಬಿಸಲೂ ಬೇಡಿ. ಒಂದು ನಿಮಿಷ ಹಾಗೇ ಮಲಗಿ ಎಲ್ಲಿ ನೋವಿದೆ ನೋಡಿಕೊಳ್ಳಿ. ತೊಡೆಸಂದಿಯಲ್ಲಿ ನೋವಿದ್ದು ಕಾಲು ಎತ್ತಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲ್ಲೇ ಕಂಬಳಿ ಹೊದಿಸಿ, 108 ಕರೆಯಿರಿ. ಎಣ್ಣೆ ಹಾಕಿ ತಿಕ್ಕಬೇಡಿ, ಎಳೆಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಅವರು ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಪೆಟ್ಟಾಗಿಲ್ಲ ಎಂದಾದರೆ ಹೀಗೆ ಏಳಿ. ಒಂದು ಮಗ್ಗುಲಿಗೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೇಲೇಳಿ. ಮಂಡಿ ಊರಿ ಅಂಬೆಗಾಲಲ್ಲಿ ಹತ್ತಿರದ ಕುರ್ಚಿಗೋ ಮಂಚಕ್ಕೋ ಹೋಗಿ. ಎರಡು ಕೈ ಅದರ ಮೇಲಿಡಿ. ಬಲವಾದ ಕಾಲಿನ ಪಾದವನ್ನು ಮುಂದಕ್ಕೆ ತಂದು ನೆಲಕ್ಕೆ ಊರಿ. ಕೈಯನ್ನೂ ಆ ಕಾಲನ್ನೂ ಒತ್ತಿ ಎದ್ದು, ಮೈ ತಿರುಗಿಸಿ ಕೂರಿ. ನಿಲ್ಲಲು ಅವಸರ ಬೇಡ, ಐದು ನಿಮಿಷ ಕೂತೇ ಇರಿ.

ಇದನ್ನು ಬೀಳುವ ಮೊದಲೇ ಕಲಿತಿರಬೇಕು. ಮನೆಯವರು ಪಕ್ಕದಲ್ಲಿರುವಾಗ ಚಾಪೆ ಮೇಲೆ ತಿಂಗಳಿಗೊಮ್ಮೆ ಮಲಗಿ ಎದ್ದು ನೋಡಿ. ನೆಲದಿಂದ ಏಳಲು ಬರುತ್ತದೆ ಎಂದು ಗೊತ್ತಾದ ಮೇಲೆ ಹಿರಿಯರ ನಡಿಗೆಯಲ್ಲೇ ಹೆದರಿಕೆ ಕಡಿಮೆಯಾಗುವುದನ್ನು ಕಂಡಿದ್ದೇನೆ. ತೋಟದ ಮನೆಗಳು ಒಂದಕ್ಕೊಂದು ದೂರ, ಕೂಗಿದರೆ ಕೇಳಿಸುವುದಿಲ್ಲ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಕತ್ತಿಗೆ ಒಂದು ಪೀಪಿ ಕಟ್ಟಿಕೊಳ್ಳಿ. ಮೂರು ಸಲ ಊದಿದರೆ ಬನ್ನಿ ಎಂದು ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರಿಗೂ ಪಕ್ಕದ ತೋಟದವರಿಗೂ ಮೊದಲೇ ಹೇಳಿಡಿ.